ಕಾಣದ ಜಾಗದ ಕೆಲಸ



ನಾಳೆ ಆಯುಧಪೂಜೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ ಹಿಡಿದು ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಇತ್ತ ಮೈಸೂರು ರಸ್ತೆಯ ಉದ್ದಕ್ಕೂ ಕೆಂಗೇರಿಯವರೆಗೆ ಇರುವ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಈ ದಿನ ಸಂಜೆಗೇ ಲೇತುಗಳನ್ನು ಒರೆಸಿ, ನೆಲವನ್ನು ತೊಳೆದು, ಬಾಗಿಲಿಗೆ ಮಾವಿನ ಎಲೆ ಕಟ್ಟಿ ಬಂದಿದ್ದೀರಿ. ನಾಳೆ ಬೆಳಿಗ್ಗೆ ಸ್ಪ್ಯಾನರಿಗೂ ಸುತ್ತಿಗೆಗೂ ವಿಭೂತಿ ಹಚ್ಚಿ, ಹೂವಿಟ್ಟು ಕೈಮುಗಿಯುತ್ತೀರಿ. ಮುಗಿಯಿರಿ, ಒಳ್ಳೆಯದೆ. ಆದರೆ ಆಯುಧಕ್ಕೆ ಪೂಜೆ ನಡೆಯುವುದು ವರ್ಷಕ್ಕೆ ಒಂದು ದಿನ. ಮಿಕ್ಕ ದಿನಗಳಲ್ಲಿ ಆ ಆಯುಧವನ್ನು ಹಿಡಿದ ಕೈ ಹೇಗೆ ನಡೆದುಕೊಳ್ಳುತ್ತದೆ? ಇದನ್ನು ಯೋಚಿಸುವುದಕ್ಕೆಂದು ಈ ದಿನ ನಾವು ಒಂದೇ ಒಂದು ಕೆಲಸವನ್ನು ಎತ್ತಿಕೊಂಡಿದ್ದೇವೆ. ಅದು ಹಳೆಯ ಟ್ರ್ಯಾಕ್ಟರಿನ ಎಂಜಿನ್ನನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಕಟ್ಟುವ ಕೆಲಸ.

ಮಠದಲ್ಲಿ ಎಂಜಿನ್ನಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಶರಣರಲ್ಲಿ ಅಂಬಿಗನಿದ್ದ, ಹಗ್ಗ ಹೊಸೆಯುವವನಿದ್ದ, ಬುಟ್ಟಿ ಹೆಣೆಯುವವನಿದ್ದ, ಬಟ್ಟೆ ಒಗೆಯುವವನಿದ್ದ. ಅವರ ಅನುಭಾವ ಅವರ ಕೈಕೆಲಸದಿಂದಲೇ ಬಂತು. ಅಂದು ದೋಣಿ, ಹಗ್ಗ, ಬುಟ್ಟಿ ಇದ್ದ ಜಾಗದಲ್ಲಿ ಇಂದು ನಿಮ್ಮ ಕೈಗೆ ಪಿಸ್ಟನ್ನು, ಕ್ರಾಂಕು ಬಂದಿವೆ. ಕೆಲಸ ಬದಲಾಗಿದೆ, ಕೆಲಸವು ನಮ್ಮಿಂದ ಕೇಳುವ ಸತ್ಯ ಬದಲಾಗಿಲ್ಲ.

ಹಳೆಯ ಟ್ರ್ಯಾಕ್ಟರೇ ಏಕೆ? ಅದಕ್ಕೂ ಕಾರಣ ಉಂಟು. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಎಚ್.ಎಂ.ಟಿ. ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಮೊದಲು ಯಂತ್ರಗಳನ್ನು ಮಾಡುವ ಯಂತ್ರಗಳು, ಆಮೇಲೆ ಕೈಗಡಿಯಾರ. ಅದೇ ಸಂಸ್ಥೆಯು ೧೯೭೧ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಅಂದಿನ ಚೆಕೊಸ್ಲೊವಾಕಿಯಾ ದೇಶದ ಜೆಟರ್ ಟ್ರ್ಯಾಕ್ಟರಿನ ಮಾದರಿಯಲ್ಲಿ, ಟ್ರ್ಯಾಕ್ಟರುಗಳನ್ನು ಮಾಡಲು ಪ್ರಾರಂಭಿಸಿತು. ಎರಡು ಸಿಲಿಂಡರು, ೨೫ ಕುದುರೆಶಕ್ತಿಯ ಗಟ್ಟಿ ಯಂತ್ರ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಆ ಟ್ರ್ಯಾಕ್ಟರ್ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಮಾಡಿತು. ಕಾರ್ಖಾನೆ ಮುಚ್ಚಿದರೂ ಅದು ಮಾಡಿದ ಟ್ರ್ಯಾಕ್ಟರುಗಳು ಹೊಲದಲ್ಲಿ ಉಳಿದಿವೆ. ಇಂಥ ಹಳೆಯ ಎಂಜಿನ್ನುಗಳು, ಬೇರೆ ಬೇರೆ ಹೆಸರಿನವು, ರೈತರ ಮನೆಗಳಲ್ಲಿ ಇನ್ನೂ ಇವೆ. ತಂದೆ ಸಾಲ ಮಾಡಿ ತಂದದ್ದು, ಮಗ ಉಳುತ್ತಿರುವುದು. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಅವರಿಗೆ ಉಳಿದಿರುವ ದಾರಿ ಒಂದೇ: ಎಂಜಿನ್ನನ್ನು ಇಳಿಸಿ, ನಿಮ್ಮಂಥವರ ಮುಂದೆ ತಂದಿಡುವುದು.

ಅವನು ತಂದಿಡುವುದು ಬರಿಯ ಕಬ್ಬಿಣವನ್ನಲ್ಲ ಎಂಬುದನ್ನು ನೀವು ಗಮನಿಸಬೇಕು. ಮುಂಗಾರು ಯಾರಿಗೂ ಕಾಯುವುದಿಲ್ಲ. ಹದ ಬಂದ ಎಂಟು ಹತ್ತು ದಿನದಲ್ಲಿ ಉಳದಿದ್ದರೆ ಆ ವರ್ಷದ ರಾಗಿ ಹೋಯಿತು. ಸರಿಯಾಗಿ ಕಟ್ಟಿದ ಎಂಜಿನ್ನು ಸಾವಿರಾರು ಗಂಟೆ ದುಡಿಯುತ್ತದೆ. ತಪ್ಪಾಗಿ ಕಟ್ಟಿದ್ದು ನಿಮ್ಮ ಅಂಗಡಿಯ ಮುಂದೆ ಚೆನ್ನಾಗಿಯೇ ಓಡಿ, ಹೊಲದ ನಡುವೆ ನಿಲ್ಲುತ್ತದೆ. ಎರಡಕ್ಕೂ ಹೊರಗಿನಿಂದ ಒಂದೇ ಬಣ್ಣ, ಒಂದೇ ಹೊಳಪು. ವ್ಯತ್ಯಾಸವಿರುವುದು ಒಳಗೆ, ಯಾರೂ ನೋಡದ ಕಡೆ.

ಹಾಗಾದರೆ ಒಳಗಿನ ಕೆಲಸವನ್ನು ಕ್ರಮವಾಗಿ ನೋಡೋಣ. ಕಸುಬಿನ ವಿವರಗಳು ಕಸುಬಿನವರಿಂದಲೇ ಕೇಳಿ ತಿಳಿದವು. ತಿಳಿದವರು ಮತ್ತೊಮ್ಮೆ ಕೇಳಿರಿ, ಹುಡುಗರು ಮನಸ್ಸಿಟ್ಟು ಕೇಳಿರಿ.

ಮೊದಲನೆಯದು, ಬಿಚ್ಚುವುದಕ್ಕೆ ಮುಂಚೆ ಕೇಳಬೇಕು. ಒಳ್ಳೆಯ ವೈದ್ಯನು ರೋಗಿಯನ್ನು ಕಂಡ ಕೂಡಲೆ ಕತ್ತಿ ಹಿಡಿಯುವುದಿಲ್ಲ, ನಾಡಿ ನೋಡುತ್ತಾನೆ. ಎಂಜಿನ್ನಿನ ನಾಡಿ ಅದರ ಹೊಗೆ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಡೀಸೆಲ್ಲು ಪೂರ್ಣ ಉರಿಯುತ್ತಿಲ್ಲ. ಗಾಳಿ ಸಾಲದೆ ಇರಬಹುದು, ಭಾರ ಹೆಚ್ಚಾಗಿರಬಹುದು, ಪಂಪಿನ ಅಳತೆ ಕೆಟ್ಟಿರಬಹುದು. ಬಿಳಿ ಹೊಗೆ ಬಿಡದೆ ಬಂದರೆ ಉರಿಯದ ಡೀಸೆಲ್ಲೋ ಒಳಗೆ ನುಗ್ಗಿದ ನೀರೋ ಇರಬೇಕು. ಹಳೆಯ ಆಯಿಲನ್ನು ಇಳಿಸುವಾಗ ಅದನ್ನೂ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೊಳೆಯುವ ಪುಡಿ ಕಂಡರೆ ಬೇರಿಂಗು ಸವೆದಿದೆ.

ಇಷ್ಟು ತಿಳಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಸವೆತ ಏಕೆ ಆಯಿತು? ಉಳುವ ಟ್ರ್ಯಾಕ್ಟರು ದಿನವೆಲ್ಲ ಧೂಳಿನಲ್ಲಿ ಉಸಿರಾಡುತ್ತದೆ. ಗಾಳಿ ಸೋಸುವ ಏರ್ ಕ್ಲೀನರಿನ ಬಟ್ಟಲಿನಲ್ಲಿ ಎಣ್ಣೆ ಒಣಗಿದ್ದರೆ, ಅಥವಾ ಅದರ ರಬ್ಬರು ಕೊಳವೆ ಬಿರುಕು ಬಿಟ್ಟಿದ್ದರೆ, ಹೊಲದ ಮಣ್ಣು ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ಅದು ಅರೆಯುವ ಕಲ್ಲಿನಂತೆ ರಿಂಗುಗಳನ್ನು ತಿನ್ನುತ್ತದೆ. ಹತ್ತು ರೂಪಾಯಿಯ ಎಣ್ಣೆಯ ಅಸಡ್ಡೆಯು ಸಾವಿರಾರು ರೂಪಾಯಿಯ ಎಂಜಿನ್ನನ್ನು ನುಂಗುತ್ತದೆ. ಒಳಗಿನ ಭಾಗಗಳನ್ನೆಲ್ಲ ಹೊಸದು ಹಾಕಿ, ಆ ಒಡೆದ ಕೊಳವೆಯನ್ನು ಹಾಗೆಯೇ ಬಿಟ್ಟರೆ ಏನಾಯಿತು? ಅದೇ ರೋಗಕ್ಕೆ ಮತ್ತೆ ಬಾಗಿಲು ತೆರೆದಂತಾಯಿತು. ಮನುಷ್ಯರ ವಿಷಯದಲ್ಲಿಯೂ ನಾವು ಹೀಗೆಯೇ ಮಾಡುತ್ತೇವಲ್ಲವೆ? ಕೋಪ ಬಂದುದಕ್ಕೆ ಪಶ್ಚಾತ್ತಾಪ ಪಡುತ್ತೇವೆ; ಕೋಪ ಒಳಬರುವ ಕಂಡಿಯನ್ನು ಮಾತ್ರ ಮುಚ್ಚುವುದಿಲ್ಲ.

ಎರಡನೆಯದು, ಬಿಚ್ಚುವ ಕ್ರಮ. ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಜೊತೆ ಉಂಟು. ಎರಡನ್ನೂ ಕೂಡಿಸಿಯೇ ಕಾರ್ಖಾನೆಯಲ್ಲಿ ರಂಧ್ರ ಕೊರೆದಿರುತ್ತಾರೆ. ಒಂದರ ಕ್ಯಾಪನ್ನು ಇನ್ನೊಂದಕ್ಕೆ ಹಾಕಿದರೆ ರಂಧ್ರ ದುಂಡಾಗಿ ಉಳಿಯುವುದಿಲ್ಲ. ಮೇನ್ ಬೇರಿಂಗಿನ ಕ್ಯಾಪುಗಳೂ ಹಾಗೆಯೇ. ಯಾವ ಜಾಗದ್ದು ಆ ಜಾಗಕ್ಕೆ, ಯಾವ ಮುಖ ಮುಂದಕ್ಕೆ ಇತ್ತೋ ಅದೇ ಮುಖ ಮುಂದಕ್ಕೆ. ವಾಲ್ವುಗಳು, ಪುಶ್ ರಾಡುಗಳು ಕೂಡ ತಮ್ಮ ತಮ್ಮ ಜಾಗದಲ್ಲಿಯೇ ಸವೆದು ಹೊಂದಿಕೊಂಡಿರುತ್ತವೆ. ಆದುದರಿಂದ ಬಿಚ್ಚುವಾಗಲೇ ಗುರುತು ಹಾಕಬೇಕು. ತೂತು ಮಾಡಿದ ಒಂದು ರಟ್ಟಿನಲ್ಲಿ ವಾಲ್ವುಗಳನ್ನು ಸಾಲಾಗಿ ಚುಚ್ಚಿಡಲು ಎಷ್ಟು ಹೊತ್ತು ಬೇಕು? ಎಲ್ಲವನ್ನೂ ಒಂದೇ ಬಾಂಡ್ಲಿಗೆ ಸುರಿದು, ಆಮೇಲೆ ನೆನಪಿನಿಂದ ಜೋಡಿಸುತ್ತೇನೆ ಎನ್ನುವುದು ಜಾಣತನವಲ್ಲ. ನೆನಪು ಮೋಸ ಮಾಡುತ್ತದೆ, ಗುರುತು ಮಾಡುವುದಿಲ್ಲ.

ಮೂರನೆಯದು, ತೊಳೆಯುವ ಕೆಲಸ. ಇದನ್ನು ಗ್ಯಾರೇಜಿನಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗನಿಗೆ ಕೊಡುತ್ತಾರೆ. ಬೈದುಕೊಂಡೇ ಕೊಡುತ್ತಾರೆ. ಮಡಿವಾಳ ಮಾಚಯ್ಯನನ್ನು ಶರಣರ ಸಾಲಿನಲ್ಲಿ ಕೂಡಿಸಿದ ನಾವು ತೊಳೆಯುವ ಕೆಲಸವನ್ನು ಕೀಳೆಂದು ಕಾಣಬಹುದೆ? ಕ್ರಾಂಕಿನ ಒಳಗೆ ಆಯಿಲು ಹರಿಯುವ ಸಣ್ಣ ದಾರಿಗಳಿವೆ. ಎಷ್ಟೋ ವರ್ಷದ ಜಿಡ್ಡು, ಲೋಹದ ಪುಡಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಆ ದಾರಿಗಳ ಬಿರಡೆಗಳನ್ನು ತೆಗೆದು, ಬ್ರಶ್ಶು ತೂರಿಸಿ, ಗಾಳಿ ಊದಿ ಶುದ್ಧ ಮಾಡಬೇಕು. ಹೊಸ ಬೇರಿಂಗು ಮೊದಲ ದಿನವೇ ಹಾಳಾಗುವುದಕ್ಕೆ ಅಲ್ಲಿ ಉಳಿದ ಒಂದು ಚಿಟಿಕೆ ಪುಡಿ ಸಾಕು. ಇನ್ನು, ಬೋರನ್ನು ಹೋನಿಂಗ್ ಮಾಡಿದ ಮೇಲೆ ಕಲ್ಲಿನ ಪುಡಿ ಅದರ ಗೀರುಗಳಲ್ಲಿ ಉಳಿಯುತ್ತದೆ. ಸೀಮೆಎಣ್ಣೆ ಸವರಿ ಒರೆಸಿದರೆ ಅದು ಹೋಗುವುದಿಲ್ಲ. ಬಿಸಿನೀರು, ಸೋಪು ಹಾಕಿ ಉಜ್ಜಿ, ಬಿಳಿಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ತೊಳೆದು, ತಕ್ಷಣ ಆಯಿಲು ಸವರಬೇಕು. ಆ ಹುಡುಗನಿಗೆ ಈ ಕಾರಣವನ್ನು ಹೇಳಿ ನೋಡಿರಿ. ಕೆಲಸವನ್ನು ಅವನು ಬೇರೆ ಕಣ್ಣಿನಿಂದ ನೋಡುತ್ತಾನೆ.

ನಾಲ್ಕನೆಯದು, ಅಳತೆ. ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯುವುದು ಇಲ್ಲಿಯೇ. ಸಿಲಿಂಡರು ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ಹೋಗಿ ತಿರುಗುವ ಕಡೆ ಹೆಚ್ಚು, ಕೆಳಗೆ ಕಡಿಮೆ; ಪಿಸ್ಟನ್ನು ಒರಗುವ ದಿಕ್ಕಿನಲ್ಲಿ ಹೆಚ್ಚು, ಅಡ್ಡ ದಿಕ್ಕಿನಲ್ಲಿ ಕಡಿಮೆ. ಆದುದರಿಂದ ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ, ಒಂದೊಂದು ಕಡೆಯೂ ಎರಡು ದಿಕ್ಕಿನಲ್ಲಿ, ಒಟ್ಟು ಆರು ಸಲ ಅಳೆಯಬೇಕು. "ಬೆರಳಾಡಿಸಿದರೆ ಗೊತ್ತಾಗುತ್ತದೆ, ಇಪ್ಪತ್ತು ವರ್ಷದ ಅನುಭವ" ಎನ್ನುತ್ತಾರೆ. ಅನುಭವ ದೊಡ್ಡದು. ಆದರೆ ಬೆರಳು ಸವೆತ ಇದೆ ಎಂದು ಹೇಳೀತು. ಎಷ್ಟಿದೆ ಎಂದು ಹೇಳಲಾರದು.

ಒಂದು ಲೆಕ್ಕ ಹೇಳುತ್ತೇವೆ. ಸವೆದ ಬೋರಿಗೆ ಹೊಸ ರಿಂಗು ಮಾತ್ರ ಹಾಕಿ ಕೊಡುವ ರೂಢಿ ಉಂಟಷ್ಟೆ. ಬೋರು ಮೇಲ್ಗಡೆ ವ್ಯಾಸದಲ್ಲಿ ೦.೨ ಮಿಲಿಮೀಟರು ಅಗಲವಾಗಿದೆ ಎನ್ನಿ. ವ್ಯಾಸ ಇಷ್ಟು ಹಿಗ್ಗಿದರೆ ಸುತ್ತಳತೆಯು ಅದರ ಮೂರು ಪಟ್ಟಿಗಿಂತ ಹೆಚ್ಚು, ಅಂದರೆ ೦.೬ ಮಿಲಿಮೀಟರನ್ನು ಮೀರಿ ಹಿಗ್ಗುತ್ತದೆ. ಕೆಳಗೆ ೦.೪ ಮಿಲಿಮೀಟರು ಇದ್ದ ರಿಂಗಿನ ಬಾಯಿ, ಮೇಲೆ ಬಂದಾಗ ೧ ಮಿಲಿಮೀಟರಾಗಿ ತೆರೆದುಕೊಂಡಿತು. ಹೊಸ ರಿಂಗು ಹಾಕಿದರೂ ಒತ್ತಡ ಸೋರುವುದು ನಿಲ್ಲಲಿಲ್ಲ. ರೈತನ ಹಣ ಮಾತ್ರ ಖರ್ಚಾಯಿತು. ಮತ್ತೆ ಕೆಲವರು ಬಾಯಿ ತೀರ ಬಿಗಿಯಾಗಿದ್ದರೆ ಒಳ್ಳೆಯದೆಂದು ತಿಳಿಯುತ್ತಾರೆ. ಅದೂ ತಪ್ಪು. ಎಂಜಿನ್ನು ಕಾದಾಗ ರಿಂಗು ಹಿಗ್ಗುತ್ತದೆ; ತುದಿಗೆ ತುದಿ ಒತ್ತಿ, ಮುರಿದು, ಗೋಡೆಯನ್ನೇ ಗೀರುತ್ತದೆ. ೧೦೦ ಮಿಲಿಮೀಟರಿನ ಬೋರಿಗೆ ಸಾಮಾನ್ಯವಾಗಿ ೦.೩ ರಿಂದ ೦.೪ ಮಿಲಿಮೀಟರಿನಷ್ಟು ಬಾಯಿ ಬೇಕು. ಸರಿಯಾದ ಅಂಕೆ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಫೀಲರ್ ಗೇಜಿನಿಂದ ಒಂದೊಂದನ್ನೂ ನೋಡಬೇಕು.

ಅಳೆಯುವ ಮುಂಚೆ ಮೈಕ್ರೋಮೀಟರಿನ ಸೊನ್ನೆಯನ್ನು ನೋಡುತ್ತೀರೋ ಇಲ್ಲವೋ? ಅಳತೆಗೋಲೇ ತಪ್ಪಾಗಿದ್ದರೆ ಅಳೆದದ್ದೆಲ್ಲ ತಪ್ಪು. ಮನುಷ್ಯನು ಇತರರನ್ನು ಅಳೆಯುವ ಮುಂಚೆ ತನ್ನ ಸೊನ್ನೆಯನ್ನು ನೋಡಿಕೊಳ್ಳಬೇಕೆಂದು ನಾವು ಬೇರೆ ಹೇಳಬೇಕಾಗಿಲ್ಲ.

ಐದನೆಯದು, ಕ್ರಾಂಕಿನ ಗ್ರೈಂಡಿಂಗು. ಕ್ರಾಂಕು ನಿಮಿಷಕ್ಕೆ ೧೫೦೦ ಸುತ್ತು ತಿರುಗಿದರೆ ಒಂದು ಗಂಟೆಗೆ ತೊಂಬತ್ತು ಸಾವಿರ ಸುತ್ತಾಯಿತು. ಅಷ್ಟೂ ಸುತ್ತು ಅದು ಬೇರಿಂಗಿಗೆ ತಾಗದೆ, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪದ ಸಂದಿನಲ್ಲಿ ಆಯಿಲಿನ ಮೇಲೆ ತೇಲಬೇಕು. ಸವೆದು ಮೊಟ್ಟೆಯಾಕಾರವಾದ ಕ್ರಾಂಕು ಹಾಗೆ ತೇಲಲಾರದು. ಅದನ್ನು ಅರೆದು ದುಂಡು ಮಾಡಿ, ಅದಕ್ಕೆ ತಕ್ಕ ದಪ್ಪನೆಯ ಬೇರಿಂಗು ಹಾಕುತ್ತಾರೆ. ಈ ಬೇರಿಂಗುಗಳು ೦.೨೫, ೦.೫೦ ಮಿಲಿಮೀಟರು ಎಂಬ ಮೆಟ್ಟಿಲುಗಳಲ್ಲಿ ಸಿಗುತ್ತವೆ. ನೀವು ಹತ್ತು ಥೌ, ಇಪ್ಪತ್ತು ಥೌ ಎನ್ನುತ್ತೀರಿ. ಹತ್ತಕ್ಕೆ ಶುದ್ಧವಾಗುವ ಕ್ರಾಂಕನ್ನು, ಅಂಗಡಿಯಲ್ಲಿ ಇಪ್ಪತ್ತರ ಬೇರಿಂಗು ಇದೆ ಎಂಬ ಕಾರಣಕ್ಕೆ, ಇಪ್ಪತ್ತಕ್ಕೆ ಅರೆಯಬಹುದೆ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲವೆಂದು ಆಕೆ ಅದನ್ನು ಹಿಂದಕ್ಕೆ ಕಳುಹಿಸಿದಳು. ಕ್ರಾಂಕಿನಿಂದ ತೆಗೆಯುವ ಕಬ್ಬಿಣದ ವಿಷಯದಲ್ಲಿಯೂ ಇದೇ ನ್ಯಾಯ. ಬೇಕಾದಷ್ಟು ತೆಗೆಯಿರಿ, ಹೆಚ್ಚಿಗೆ ಒಂದು ಥೌ ಕೂಡ ಬೇಡ. ನೀವು ಉಳಿಸಿದ ಆ ಹತ್ತು ಥೌ ಆ ರೈತನ ಮಗನ ಕಾಲಕ್ಕೆ ಇನ್ನೊಂದು ರಿಪೇರಿಯಾಗಿ ಒದಗುತ್ತದೆ. ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಅಕ್ಕಿಯಾದರೂ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ನೀವು ಉಳಿಸಿದ್ದು ಯಾರಿಗೂ ಕಾಣುವುದಿಲ್ಲ. ಇನ್ನೊಂದು ಮಾತು: ಕ್ರಾಂಕಿನ ಜರ್ನಲ್ಲು ಪಕ್ಕದ ಗೋಡೆಯನ್ನು ಕೂಡುವ ಮೂಲೆಯಲ್ಲಿ ದುಂಡನೆಯ ತಿರುವು ಇರುತ್ತದೆ. ಅವಸರದಲ್ಲಿ ಅದನ್ನು ಚೂಪು ಮಾಡಿಬಿಟ್ಟರೆ, ಮುಂದೆ ಎಂದೋ ಒಂದು ದಿನ ಅಲ್ಲಿಂದಲೇ ಬಿರುಕು ಹುಟ್ಟಿ ಕ್ರಾಂಕು ತುಂಡಾಗುತ್ತದೆ.

ಆರನೆಯದು, ಕಟ್ಟುವ ಕೆಲಸ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ೧೮೯೭ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟೇ ಅದು. ಗಾಳಿಯನ್ನು ಬಲವಾಗಿ ಅದುಮಿದರೆ ಅದು ತಾನೇ ೫೦೦ ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆ ಕಾವಿಗೆ ಡೀಸೆಲ್ಲನ್ನು ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಎಲ್ಲಿಯೂ ಒತ್ತಡ ಸೋರಬಾರದು. ವಾಲ್ವು ತನ್ನ ಸೀಟಿನಲ್ಲಿ ಸುತ್ತಲೂ ಸಮನಾಗಿ ಕೂರಬೇಕು. ಹೆಡ್ಡಿನ ಮುಖ ಚಪ್ಪಟೆಯಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಬೇಕು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕೆಗೆ ಬಿಗಿಯಬೇಕು. ತೋಳಿನ ಬಲವನ್ನು ನಂಬಬಾರದು. ಬೆಳಗಿನ ತೋಳಿಗೂ ಸಂಜೆಯ ತೋಳಿಗೂ ಅಂತರವಿದೆ.

ಡೀಸೆಲ್ಲು ಚಿಮ್ಮಿಸುವ ಪಂಪಿನ ಕೆಲಸ ಇನ್ನೂ ನಾಜೂಕು. ನಮ್ಮ ಆಡುಗೋಡಿಯಲ್ಲಿ ಬೆಳೆದ ಮೈಕೊ, ೨೦೦೮ರಿಂದ ಬಾಷ್ ಎಂದು ಹೆಸರಾದ ಸಂಸ್ಥೆ, ಈ ಪಂಪುಗಳಿಗೆ ದೇಶವೆಲ್ಲ ಹೆಸರಾಯಿತು. ಪಂಪಿನೊಳಗಿನ ಪ್ಲಂಜರಿಗೂ ಅದರ ಬ್ಯಾರಲಿಗೂ ಇರುವ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಆದ್ದರಿಂದ ಅದನ್ನು ಧೂಳಿನ ಅಂಗಡಿಯಲ್ಲಿ ಬಿಚ್ಚದೆ, ಪಂಪು ಪರೀಕ್ಷಿಸುವ ಯಂತ್ರವಿರುವವರ ಬಳಿ ಕಳುಹಿಸಬೇಕು. ನನಗೆ ತಿಳಿಯದ ಕೆಲಸವನ್ನು ತಿಳಿದವರಿಗೆ ಒಪ್ಪಿಸುವುದರಲ್ಲಿ ಅವಮಾನವೇನೂ ಇಲ್ಲ. ಕ್ರಾಂಕು ಎರಡು ಸುತ್ತು ತಿರುಗಿದಾಗ ಕ್ಯಾಮು ಒಂದು ಸುತ್ತು ತಿರುಗುತ್ತದೆ. ಗೇರುಗಳ ಮೇಲೆ ಅದಕ್ಕಾಗಿ ಗುರುತುಗಳಿವೆ. ಒಂದು ಹಲ್ಲು ತಪ್ಪಿದರೂ ಎಲ್ಲವೂ ತಪ್ಪಿತು. ಜೋಡಿಸಿದ ಮೇಲೆ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ತಡೆಯುವುದಿಲ್ಲವೆಂದು ನೋಡಿದ ಮೇಲೆಯೇ ಮುಚ್ಚಬೇಕು.

ಕೊನೆಯದು, ಓಡಿಸುವ ಕ್ರಮ. ಒಣಗಿದ ಎಂಜಿನ್ನನ್ನು ಒಮ್ಮೆಗೇ ಸ್ಟಾರ್ಟು ಮಾಡಬಾರದು. ಡೀಸೆಲ್ಲನ್ನು ನಿಲ್ಲಿಸಿಟ್ಟು ತಿರುಗಿಸಿ, ಆಯಿಲಿನ ಒತ್ತಡ ಬಂದ ಮೇಲೆ ಓಡಿಸಬೇಕು. ಅನಂತರ ದಿನವಿಡೀ ನಿಂತಲ್ಲೇ ಸಣ್ಣಗೆ ಓಡಿಸುತ್ತ ಇಡುವುದೂ ತಪ್ಪು. ಭಾರವಿಲ್ಲದೆ ಓಡಿದರೆ ರಿಂಗು ಬೋರಿಗೆ ಹೊಂದಿಕೊಳ್ಳದೆ ಗೋಡೆ ನುಣುಪಾಗಿಬಿಡುತ್ತದೆ. ಮೊದಲ ದಿನವೇ ಆಳವಾದ ನೇಗಿಲು ಕಟ್ಟುವುದೂ ತಪ್ಪು. ಹದವಾದ ಭಾರ ಹೊರಿಸಿ, ದಿನದಿಂದ ದಿನಕ್ಕೆ ಹೆಚ್ಚಿಸಬೇಕು. ಸುಮಾರು ೫೦ ಗಂಟೆಗೆ ಮೊದಲ ಆಯಿಲು, ಫಿಲ್ಟರು ಬದಲಾಯಿಸಿ, ಕೈಪಿಡಿ ಹೇಳಿದ್ದರೆ ಹೆಡ್ಡಿನ ಬಿಗಿಯನ್ನೂ ಟಪ್ಪೆಟ್ಟಿನ ಸಂದನ್ನೂ ನೋಡಬೇಕು. ಮಕ್ಕಳನ್ನು ಬೆಳೆಸಿದ ತಾಯಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಏನೂ ಹೊರಿಸದೆ ಬೆಳೆಸಿದ ಮಗುವೂ ಕೆಡುತ್ತದೆ, ಶಕ್ತಿ ಮೀರಿ ಹೊರಿಸಿದ ಮಗುವೂ ಕೆಡುತ್ತದೆ. ಇದನ್ನು ರೈತನಿಗೆ ಬಿಡಿಸಿ ಹೇಳುವುದು ನಿಮ್ಮ ಕೆಲಸದಲ್ಲಿಯೇ ಸೇರಿದೆ. ಕೇಳಿ ನಡೆಯುವುದು ಅವನ ಕೆಲಸ.

ಈಗ ಕಷ್ಟದ ಮಾತಿಗೆ ಬರೋಣ. "ಬುದ್ಧೀ, ನೀವು ಹೇಳಿದ್ದೆಲ್ಲ ಸರಿ. ಹೀಗೆ ಮಾಡಿದರೆ ಹತ್ತು ದಿನ ಬೇಕು. ಪಕ್ಕದ ಅಂಗಡಿಯವನು ಮೂರು ದಿನದಲ್ಲಿ, ಅರ್ಧ ದುಡ್ಡಿಗೆ ಮಾಡಿಕೊಡುತ್ತಾನೆ. ಗಿರಾಕಿ ಅಲ್ಲಿಗೇ ಹೋಗುತ್ತಾನೆ. ನಾವು ಮಕ್ಕಳನ್ನು ಸಾಕುವುದು ಹೇಗೆ?" ಎಂದು ನೀವು ಕೇಳಬಹುದು. ಈ ಪ್ರಶ್ನೆ ಸುಳ್ಳಲ್ಲ. ಮಠದಲ್ಲಿ ಕುಳಿತು ಉಪದೇಶ ಹೇಳುವುದು ಸುಲಭ. ಬಾಡಿಗೆ, ಕರೆಂಟು ಬಿಲ್ಲು, ಆಳುಗಳ ಕೂಲಿ ಕಟ್ಟುವುದು ಕಷ್ಟ. ಆದುದರಿಂದ ನಾವು ಹೇಳುವುದು ಇಷ್ಟೆ. ಕಡಿಮೆ ದುಡ್ಡಿಗೆ ಕಡಿಮೆ ಕೆಲಸ ಮಾಡಬೇಕಾಗಿ ಬಂದರೆ ಮಾಡಿರಿ. ಆದರೆ ಅದನ್ನು ಪೂರ್ಣ ಕೆಲಸವೆಂದು ಹೇಳಬೇಡಿರಿ. "ಅಪ್ಪಾ, ನಿನ್ನ ಹತ್ತಿರ ಇರುವ ಹಣಕ್ಕೆ ರಿಂಗು ಮಾತ್ರ ಆಗುತ್ತದೆ. ಬೋರು ಇಷ್ಟು ಸವೆದಿದೆ. ಇದು ಒಂದು ಹಂಗಾಮು ನಡೆದೀತು, ಹೆಚ್ಚು ನಡೆಯಲಾರದು" ಎಂದು ಅಳತೆಯನ್ನು ಕಾಗದದ ಮೇಲೆ ಬರೆದು ಅವನ ಕೈಗೆ ಕೊಡಿರಿ. ಬ್ಲಾಕು ಬಿರುಕು ಬಿಟ್ಟಿದ್ದರೆ, ಇದರ ಮೇಲೆ ದುಡ್ಡು ಸುರಿಯಬೇಡ ಎಂದು ಹೇಳುವ ಧೈರ್ಯವೂ ಇರಲಿ. ತೆಗೆದ ಹಳೆಯ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ ಅವನಿಗೇ ಹಿಂತಿರುಗಿಸಿರಿ. ಹಾಕಿದ ಭಾಗ ಯಾವ ಕಂಪನಿಯದೋ ಅದನ್ನೇ ಬಿಲ್ಲಿನಲ್ಲಿ ಬರೆಯಿರಿ. ಇವುಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ.

ಸಂಪು ಮುಚ್ಚಿ ಕೊನೆಯ ಬೋಲ್ಟು ಬಿಗಿದ ಮೇಲೆ ಒಳಗೆ ಏನು ನಡೆಯಿತೆಂಬುದು ಮೂವರಿಗೆ ಮಾತ್ರ ಗೊತ್ತು: ಮಾಡಿದವನಿಗೆ, ಪಕ್ಕದಲ್ಲಿ ನಿಂತು ನೋಡಿದ ಹುಡುಗನಿಗೆ, ದೇವರಿಗೆ. ರೈತನಿಗೆ ಗೊತ್ತಿಲ್ಲ, ಅವನು ನಂಬಿ ಕೊಟ್ಟುಹೋಗಿದ್ದಾನೆ. ಆ ಹುಡುಗನ ಮಾತನ್ನು ನಾವು ವಿಶೇಷವಾಗಿ ಹೇಳುತ್ತಿದ್ದೇವೆ. ಬಿದ್ದ ಬೋಲ್ಟನ್ನು ನೀವು ಒರೆಸಿ ಹಾಕಿದಿರೋ, ಮಣ್ಣು ಸಮೇತ ಹಾಕಿದಿರೋ ಎಂದು ಅವನು ನೋಡುತ್ತಿರುತ್ತಾನೆ. ನೀವು ಬಾಯಲ್ಲಿ ಕಲಿಸಿದ್ದನ್ನು ಅವನು ಮರೆತಾನು. ಕೈಯಲ್ಲಿ ಕಲಿಸಿದ್ದನ್ನು ಮರೆಯುವುದಿಲ್ಲ. ಅವನು ನಾಳೆ ಇನ್ನೊಂದು ಅಂಗಡಿ ಇಟ್ಟಾಗ ನಿಮ್ಮ ಕೈಯೇ ಅಲ್ಲಿಯೂ ಕೆಲಸ ಮಾಡುತ್ತಿರುತ್ತದೆ.

ಆದುದರಿಂದ ನಾಳೆ ಪೂಜೆಗೆ ಇಡುವಾಗ ಟಾರ್ಕ್ ರೆಂಚನ್ನೂ ಮೈಕ್ರೋಮೀಟರನ್ನೂ ಫೀಲರ್ ಗೇಜನ್ನೂ ಮುಂದಿನ ಸಾಲಿನಲ್ಲಿ ಇಡಿರಿ. ಮೈಕ್ರೋಮೀಟರಿನ ಸೊನ್ನೆಯನ್ನು ಒಮ್ಮೆ ಸರಿಮಾಡಿ ಇಡಿರಿ. ಅಂಗಡಿಯಲ್ಲಿ ಟಾರ್ಕ್ ರೆಂಚು ಇಲ್ಲದವರು ಈ ವರ್ಷ ಒಂದನ್ನು ಕೊಳ್ಳುವ ಸಂಕಲ್ಪ ಮಾಡಿರಿ. ತೊಳೆಯುವ ಹುಡುಗನನ್ನು ಕರೆದು ಅವನ ಕೈಯಿಂದಲೇ ಮೊದಲ ಹೂವನ್ನು ಇಡಿಸಿರಿ. ನಿಮ್ಮ ಕೈಯಲ್ಲಿ ಕಟ್ಟಿದ ಎಂಜಿನ್ನುಗಳು ಮಳೆಯ ಹದದಲ್ಲಿ ನಿಲ್ಲದೆ ಉಳಲಿ, ಉತ್ತವರ ಮನೆಯಲ್ಲಿ ಕಾಳು ತುಂಬಲಿ, ನಿಮ್ಮ ಮನೆಗಳಲ್ಲಿ ಕಾಯಕದ ಅನ್ನ ಬೇಯಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.